ಒಂದು ಬಕೆಟ್ಟು ಗೊದಮೊಟ್ಟೆ

ಮುದಿ ತಾಯಿಮೀನು ಮೊಟ್ಟೆಯಿಟ್ಟ ಮರುದಿನ ಸತ್ತಿತು. ಅದು ಬೆರಳುದ್ದವಿದ್ದಾಗಿನಿಂದ ಸಾಕಿದವನು ಅತ್ತಿಗೆಯ ಗಂಡ. ಅವನು ತೀರಿಕೊಂಡ ಮೇಲೆ ಮೀನಿನ ಕೊಳಗಳನ್ನು ಅವಳೂ ಮೈದುನನೂ ನೋಡಿಕೊಳ್ಳುತ್ತಿದ್ದರು. ಈಗ ಆ ಮೀನಿನ ಸಂತಾನವೆಂದರೆ ತೊಟ್ಟಿಯಲ್ಲಿ ಕೂದಲೆಳೆಯಂತೆ ಮಿನುಗುವ ಮರಿಗಳು ಮಾತ್ರ.

"ಇವು ಮಾರೋಕಲ್ಲ ಕಣೋ," ಅಂದಳು ಅತ್ತಿಗೆ. "ಅವರ ಕೈಯಿಂದ ಬಂದದ್ದು ಅಂತ ಉಳಿದಿರೋದು ಇಷ್ಟೇ."

ಮೈದುನ ಮರಿಗಳ ಕೊಳಕ್ಕೆ ಮೂರು ವಾರ ಮೊದಲೇ ನೀರು ತುಂಬಿಸಿದ್ದ. ಅಣ್ಣನಾದರೆ ಮೊಟ್ಟೆ ಒಡೆಯುವ ತನಕ ಕೊಳವನ್ನು ಒಣಗಿಸಿಯೇ ಇಡುತ್ತಿದ್ದ. ಅದು ಸೋಮಾರಿತನವೆಂದೇ ಇವನು ತಿಳಿದಿದ್ದ. ಮೊದಲೇ ತುಂಬಿಸಿದರೆ ನೀರು ಹಸಿರಾಗುತ್ತದೆ, ಮರಿಗಳಿಗೆ ಬಂದ ಕೂಡಲೇ ಊಟ ಸಿದ್ಧ. ನೀರೇನೋ ಹಸಿರಾಯಿತು. ಕಪ್ಪೆಗಳೂ ಬಂದು ಮೊಟ್ಟೆಯಿಟ್ಟು ಹೋದವು.

ಅಂಚಿನಲ್ಲಿ ಗಿಜಿಗುಡುತ್ತಿದ್ದ ಗೊದಮೊಟ್ಟೆಗಳನ್ನು ಅತ್ತಿಗೆ ನೋಡಿದಳು. "ಏನೋ ಇದು, ಕಪ್ಪೆಗಳ ಬಾಣಂತನವನ್ನೂ ನಾನೇ ಮಾಡ್ಬೇಕಾ?"

"ಬಿಡಿ ಅತ್ತಿಗೆ, ಪಾಚಿ ನೆಕ್ಕೋ ಬಡಪಾಯಿಗಳು. ಸಂಬಳ ಇಲ್ಲದೆ ಕೊಳ ತೊಳೀತಾವೆ."

"ಹಾಗಾದ್ರೆ ನಿನಗಿಂತ ವಾಸಿ."

ಅವಳು ನಕ್ಕಳು; ಹಾಗೆ ನಕ್ಕು ಬಹಳ ಕಾಲವಾಗಿತ್ತು. ಸಂಜೆ ನೀರಿಗಿಳಿದು ತೊಟ್ಟಿಯಿಂದ ತಂದ ಮೀನುಮರಿಗಳ ಬಕೆಟ್ಟನ್ನು ಓರೆ ಮಾಡಿ, ಅವೆಲ್ಲ ತಾವಾಗಿಯೇ ಈಜಿ ಹೋಗುವವರೆಗೂ ನಿಂತಿದ್ದಳು.

ಎರಡು ದಿನ ಬಿಟ್ಟು, ಮರಿಗಳು ಹೇಗಿವೆಯೆಂದು ನೋಡಲು ಬಟ್ಟೆಬಲೆ ಎಳೆದರು. ಬಲೆ ತುಂಬ ಗೊದಮೊಟ್ಟೆ. ಒಂದರ ಬಾಯಿಂದಾಚೆ ಮರಿಮೀನಿನ ಬಾಲ ಇನ್ನೂ ಅಲುಗುತ್ತಿತ್ತು. ಮೈದುನ ಬಲೆಯನ್ನು ಮತ್ತೆ ಹಾಕಿದ. ಮೂಲೆಯಲ್ಲಿ ಎಳೆದ, ನಡುವೆ ಎಳೆದ, ಕೊನೆಗೆ ತೂಬಿಗೆ ಬಟ್ಟೆ ಕಟ್ಟಿ ಕೊಳವನ್ನೇ ಖಾಲಿ ಮಾಡಿದ. ಕೆಸರು ಕಾಣುವ ಹೊತ್ತಿಗೆ ಬಟ್ಟೆಯಲ್ಲಿ ನಿಂತದ್ದು ಒಂದು ಬಕೆಟ್ಟಿನಷ್ಟು ಗೊದಮೊಟ್ಟೆ. ಮರಿ ಒಂದೂ ಇರಲಿಲ್ಲ.

"ಅಣ್ಣ ಯಾಕೆ ಒಣಗಿಸಿಡ್ತಿದ್ದ ಅಂತ ನಾನು ಒಂದ್ಸಲ ಕೇಳಿದ್ದಿದ್ರೆ..."

ಅತ್ತಿಗೆ ಅವನ್ನೆಲ್ಲ ನೀರಿದ್ದ ಬಕೆಟ್ಟಿಗೆ ತುಂಬಿಕೊಂಡಳು.

"ಕೊಡಿ ಇತ್ಲಾಗೆ, ಬದುವಿನ ಮೇಲೆ ಸುರೀತೀನಿ. ಕಾಗೆ ತಿನ್ಲಿ."

ಅವಳು ಬಕೆಟ್ಟನ್ನು ಬಿಡಲಿಲ್ಲ. ಒಂದು ಗೊದಮೊಟ್ಟೆಯನ್ನು ಅಂಗೈಗೆತ್ತಿಕೊಂಡು ಮಗುಚಿದಳು. ಉಬ್ಬಿದ ಹೊಟ್ಟೆಯ ತೆಳು ಚರ್ಮದಡಿ ಕಪ್ಪು ಚುಕ್ಕಿಗಳು. ಮರಿಗಳ ಕಣ್ಣು.

"ಇದರೊಳಗೇ ಇದಾವಲ್ಲೋ," ಅಂದಳು. "ಎಲ್ಲಿ ಅಂತ ಸುರೀಲಿ?"

ಅವಳು ಅದನ್ನು ಮೆಲ್ಲಗೆ ನೀರಿಗೆ ಬಿಟ್ಟು, ಬದುವಿನ ಮೇಲೆ ಕೂತು, ಬಿಸಿಲು ಬೀಳದಂತೆ ಬಕೆಟ್ಟಿನ ಮೇಲೆ ಬಾಗಿದಳು.