ಹದಿನಾರು ಮನೆಯ ಹಬ್ಬದ ಸಿನಿಮಾ

ಆ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಆ ಊರಿನವರು "ಇದು ನಮ್ಮ ಕಥೆಯೇ ಅಲ್ಲ" ಎಂದು ಜಗಳಕ್ಕೆ ಬರುತ್ತಾರೆ. ಪಕ್ಕದ ಊರಿನವರು "ನಮ್ಮ ಹೆಸರನ್ನು ಯಾಕೆ ಹಾಕಲಿಲ್ಲ" ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಹೊಟ್ಟೆಯುರಿಯ ಕಥೆ ಹೇಳುವವನು ಇಷ್ಟಾದರೂ ಎಚ್ಚರದಿಂದ ಇರಬೇಕು.

ಆ ಊರಿನ ಒಂದು ಬೀದಿಯಲ್ಲಿ ಹದಿನಾರು ಮನೆಗಳಿದ್ದವು. ಬಲಿಪಾಡ್ಯಮಿಯ ಮಧ್ಯಾಹ್ನ ಊಟ ಮುಗಿಸಿ ಹದಿನಾರೂ ಮನೆಯವರು ಒಂದೇ ಮನೆಯಲ್ಲಿ ಕೂತು ಒಂದೇ ಸಿನಿಮಾ ನೋಡಬೇಕು ಎನ್ನುವುದು ಅಲ್ಲಿಯ ಪದ್ಧತಿ. ಯಾರು ಶುರು ಮಾಡಿದರೋ, ಯಾರಿಗೂ ನೆನಪಿಲ್ಲ. ಸಿನಿಮಾ ಪ್ರತಿ ವರ್ಷವೂ ಅದೇ. ಮುನಿಸಿಕೊಂಡು ದೂರಾದ ಅಣ್ಣತಮ್ಮಂದಿರು ದೀಪಾವಳಿಯ ದಿನ ಒಂದಾಗುವ ಹಳೆಯ ಕಥೆ. ಯಾರ ಹತ್ತಿರ ಅದರ ಒಳ್ಳೆಯ ಸಿಡಿ ಇದೆಯೋ ಅವರ ಮನೆಯಲ್ಲಿ ಆಟ, ಉಳಿದವರು ತಟ್ಟೆಯಲ್ಲಿ ಏನಾದರೂ ತಿಂಡಿ ಹಿಡಿದುಕೊಂಡು ಅಲ್ಲಿಗೆ ಹೋಗಬೇಕು.

ಹನ್ನೊಂದು ವರ್ಷ ಆ ಮನೆ ಸರ್ವಮಂಗಳಮ್ಮನದಾಗಿತ್ತು. ಆಕೆಯ ನಾಲಿಗೆ ಸ್ವಲ್ಪ ಹರಿತ, ಆದ್ದರಿಂದ ವರ್ಷದ ಉಳಿದ ದಿನಗಳಲ್ಲಿ ಹಾಲಿನವನನ್ನು ಬಿಟ್ಟರೆ ಅವಳ ಹೊಸಿಲು ತುಳಿಯುವವರು ಕಡಿಮೆ. ಆ ಒಂದು ಮಧ್ಯಾಹ್ನ ಮಾತ್ರ ಬಾಗಿಲ ಮುಂದೆ ಚಪ್ಪಲಿ ಬಿಡಲು ಜಾಗ ಸಾಲುತ್ತಿರಲಿಲ್ಲ. ಆ ಚಪ್ಪಲಿಗಳನ್ನು ನೋಡುವುದೇ ಅವಳಿಗೆ ಹಬ್ಬ. ಅವಳ ಸಿಡಿಯಲ್ಲಿ ಒಂದು ಗೀರು ಬಿದ್ದಿತ್ತು. ಅತ್ತಿಗೆ ಎಲೆ ಹಾಕಿ ಮೈದುನನನ್ನು ಊಟಕ್ಕೆ ಕರೆಯುವ ಜಾಗಕ್ಕೆ ಬಂದ ಕೂಡಲೇ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಆಗ ಬೀದಿಗೆ ಬೀದಿಯೇ ಒಟ್ಟಾಗಿ ಅತ್ತಿಗೆಯ ಮಾತನ್ನು ಕೂಗುತ್ತಿತ್ತು: "ಎಲೆ ಹಾಕಿ ಎಷ್ಟು ಹೊತ್ತಾಯಿತು, ಬಾರಪ್ಪ!" ಸರ್ವಮಂಗಳಮ್ಮ ಗಂಭೀರವಾಗಿ ಎದ್ದು, ಸಿಡಿಯನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕುತ್ತಿದ್ದಳು.

ಹೀಗಿರುವಾಗ ಒಂದು ವರ್ಷ ನವರಾತ್ರಿ ಕಳೆದ ಮೇಲೆ ಬೀದಿಗೆ ಒಬ್ಬ ಸಿಡಿಯವನು ಬಂದ. ನಗುಮುಖದವನು, ಮೆಲುಮಾತಿನವನು. ಎದುರುಮನೆಯ ಪಂಕಜಾಕ್ಷಿಗೆ ಅದೇ ಸಿನಿಮಾದ ಹೊಸ ಸಿಡಿಯೊಂದನ್ನು ಕೊಟ್ಟು ಹೋದ. ಹಳೆಯ ಚಿತ್ರವನ್ನೇ ತೊಳೆದು, ಒರೆಸಿ, ಬಣ್ಣ ಸರಿಪಡಿಸಿದ್ದಂತೆ. ಆ ಪಾಡ್ಯಮಿಗೆ ಚಪ್ಪಲಿಗಳೆಲ್ಲ ಎದುರುಮನೆಯ ಮುಂದೆ ಬಿದ್ದವು.

ಸರ್ವಮಂಗಳಮ್ಮನೂ ಹೋದಳು. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರಲ್ಲ! ಗೋಡೆಗೊರಗಿ ಕೂತು, ಎಲ್ಲಾದರೂ ಒಂದು ಕುಂದು ಸಿಕ್ಕೀತೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸಿಗಲಿಲ್ಲ. ಊಟಕ್ಕೆ ಕರೆಯುವ ಜಾಗ ಬಂದಾಗ ಜನ ರೂಢಿಯಂತೆ ಬಾಯಿ ತೆರೆದರು. ಅಷ್ಟರಲ್ಲಿ ಅತ್ತಿಗೆಯೇ ಕರೆದು, ಮೈದುನ ಬಂದು, ಅನ್ನಕ್ಕೆ ಕೈಹಾಕಿಯೂ ಆಗಿತ್ತು. ಮೂಲೆಯಲ್ಲಿದ್ದ ಮುದುಕರೊಬ್ಬರು ಮಾತ್ರ "ಎಲೆ ಹಾಕಿ" ಎಂದವರು ಸುತ್ತ ನೋಡಿ ಸುಮ್ಮನಾದರು. ಪಕ್ಕದಲ್ಲಿ ಕೂತವಳೊಬ್ಬಳು ಸರ್ವಮಂಗಳಮ್ಮನ ಮೊಣಕೈ ತಿವಿದಳು.

"ನೋಡಿದ್ರಾ, ಅತ್ತಿಗೆ ಸೀರೆ ಅಂಚು ಹಸಿರು! ನಿಮ್ಮನೇಲಿ ಇಷ್ಟು ವರ್ಷ ನೋಡಿದ್ರೂ ಗೊತ್ತೇ ಆಗಿರಲಿಲ್ಲ ಕಣ್ರೀ."

ಆ ಹಸಿರು ಅಂಚು ಕಾರ್ತಿಕ ಮಾಸವಿಡೀ ಸರ್ವಮಂಗಳಮ್ಮನ ಕಣ್ಣಿನಿಂದ ಹೋಗಲಿಲ್ಲ. ಪಂಕಜಾಕ್ಷಿ ರಂಗೋಲಿ ಹಾಕಿದರೆ ಗೆರೆ ಸೊಟ್ಟ ಎಂದಳು, ತುಳಸಿಗೆ ನೀರು ಹಾಕಿದರೆ ಬಿಂಕ ಎಂದಳು. ಪಂಕಜಾಕ್ಷಿಗೆ ಕೆಮ್ಮು ಬಂದಾಗ ಸರ್ವಮಂಗಳಮ್ಮನಿಗೆ ಒಂದು ದಿನ ಸ್ವಲ್ಪ ಸಮಾಧಾನವಾಗಿತ್ತು. ಕಷಾಯ ಕುಡಿದು ಕೆಮ್ಮು ವಾಸಿಯಾಯಿತು, ಆ ಸಮಾಧಾನವೂ ಹೋಯಿತು.

ಮರುವರ್ಷ ಸಿಡಿಯವನು ಸರ್ವಮಂಗಳಮ್ಮನ ಬಾಗಿಲಿಗೇ ಬಂದ. "ಅಮ್ಮಾ, ಈಗ ಅದಕ್ಕಿಂತ ಹೊಸದು ಬಂದಿದೆ. ಅಂಚು ಏನು ಮಹಾ, ಇದರಲ್ಲಿ ಅಂಚಿನ ದಾರ ಎಣಿಸಬಹುದು. ಆಗ ಕತ್ತರಿಸಿ ತೆಗೆದಿದ್ದ ಒಂದು ಹಾಡೂ ಇದೆ."

"ಎದುರುಮನೆಯವಳು ನೋಡಿದ್ದಾಳೋ?"

"ಮೊದಲು ನಿಮ್ಮ ಹತ್ತಿರಾನೇ ಬಂದೆ."

ಅವಳ ಗಂಡ ಶಂಭುಲಿಂಗಪ್ಪ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಅವನು ಕೇಳಿದ, "ಅಲ್ಲ ಕಣೇ, ಅದೇ ಸಿನಿಮಾ ತಾನೇ? ಹೊಸ ಸಿಡಿ ಹಾಕಿದರೆ ಕೊನೇಲಿ ತಮ್ಮ ಬರದೇ ಹೋಗ್ತಾನಾ?"

"ನಿಮಗೇನು ಗೊತ್ತಾಗುತ್ತೆ ಸುಮ್ನಿರಿ."

"ಕಥೆ ಬಾಯಿಪಾಠ ಆಗಿದೆ. ದಾರ ಎಣಿಸಿ ಏನು ಮಾಡ್ತೀಯ?"

"ಅವಳ ಮನೇಲಿ ಎಣಿಸೋಕೆ ಆಗಲ್ಲವಲ್ಲ, ಅದು ಸಾಕು ನನಗೆ," ಎಂದಳು ಸರ್ವಮಂಗಳಮ್ಮ. ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ಅವಳು ಮದುವೆಯಾದಾಗಿನಿಂದ ಕೊಟ್ಟಿರಲಿಲ್ಲ. ಶಂಭುಲಿಂಗಪ್ಪ ಮತ್ತೆ ಅಡಿಕೆಗೆ ಕೈಹಾಕಿದ. ಹಳೆಯ ಸಿಡಿ ಅಟ್ಟ ಸೇರಿತು, ಹೊಸದು ದೇವರ ಗೂಡಿನ ಪಕ್ಕಕ್ಕೆ ಬಂತು.

ಸಿಡಿಯವನು ಅಲ್ಲಿಂದ ಹೊರಟು ಪಂಕಜಾಕ್ಷಿಯ ಬಾಗಿಲು ತಟ್ಟಿದ. ಆಮೇಲೆ ಉಳಿದ ಹದಿನಾಲ್ಕು ಬಾಗಿಲುಗಳನ್ನೂ ತಟ್ಟಿದ. ಯಾರಿಗೂ ಸುಳ್ಳು ಹೇಳಲಿಲ್ಲ, ಪಾಪ. ಪ್ರತಿ ಮನೆಯಲ್ಲೂ, ಅದಕ್ಕೆ ಮುಂಚೆ ಸಿಡಿ ತೆಗೆದುಕೊಂಡ ಮನೆಯವರ ಹೆಸರನ್ನು ಮಾತ್ರ ಹೇಳಿದ. ಹನ್ನೊಂದು ವರ್ಷ ಸರ್ವಮಂಗಳಮ್ಮನ ಚಾಪೆಯ ಮೇಲೆ ಕೂತು ಸಿನಿಮಾ ನೋಡಿದ ಹೆಂಗಸರು, ತಮ್ಮ ಬಾಗಿಲಲ್ಲಿ ಆ ಚಪ್ಪಲಿಗಳು ಯಾವಾಗ ಬೀಳುತ್ತವೋ ಎಂದು ಒಳಗೊಳಗೇ ಬೇಯುತ್ತಿದ್ದರು. ಅದು ಸರ್ವಮಂಗಳಮ್ಮನಿಗೆ ಗೊತ್ತಿರಲಿಲ್ಲ. ತನ್ನ ಒಲೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವವಳಿಗೆ ಪಕ್ಕದ ಮನೆಯ ಹೊಗೆ ಹೇಗೆ ಕಾಣಬೇಕು?

ಪಾಡ್ಯಮಿ ಬಂತು. ಸರ್ವಮಂಗಳಮ್ಮ ಕಜ್ಜಾಯ ಕರಿದಳು, ಕೋಸಂಬರಿ ಕಲಸಿದಳು, ನಡುಮನೆಗೆ ಜಮಖಾನ ಹಾಸಿ ಬಾಗಿಲು ತೆರೆದಿಟ್ಟಳು. ಮೂರು ಗಂಟೆಯಾಯಿತು, ಮೂರೂವರೆಯಾಯಿತು. ಒಬ್ಬರೂ ಬರಲಿಲ್ಲ. "ಹೋಗಿ ನೋಡ್ಕೊಂಡು ಬನ್ರೀ, ಎಲ್ಲ ಎಲ್ಲಿ ಸತ್ತರು," ಎಂದು ಗಂಡನನ್ನು ಅಟ್ಟಿದಳು. ಅವನು ಸಾವಕಾಶವಾಗಿ ಬೀದಿ ಸುತ್ತಿ ಬಂದ.

"ಎಲ್ಲರ ಮನೇಲೂ ಜಮಖಾನ ಹಾಸಿದೆ ಕಣೇ. ಎಲ್ಲರ ಮನೇಲೂ ಅದೇ ಸಿನಿಮಾ. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ನಿಂತಿದ್ದಾರೆ. ಪಂಕಜಾಕ್ಷಿ ಅಂತೂ 'ಬನ್ನಿ ಅಣ್ಣಾ, ಬನ್ನಿ' ಅಂತ ಗೋಗರೆದಳು."

"ನೀವು ಹೋದ್ರಾ?"

"ಎರಡು ಕಜ್ಜಾಯ ತಿಂದೆ."

"ಹೇಗಿತ್ತು?"

ಶಂಭುಲಿಂಗಪ್ಪ ಬುದ್ಧಿವಂತ. ಗಟ್ಟಿಯಾಗಿತ್ತು ಎಂದ. ಆಮೇಲೆ ಮೆತ್ತಗೆ ಹೇಳಿದ, "ಅವಳ ಕಣ್ಣಲ್ಲಿ ನೀರಿತ್ತು ಕಣೇ. ನಾವೇ ಹೋಗಿಬಿಡೋಣ. ಇಲ್ಲಿ ನಾವಿಬ್ಬರೇ ಏನು ನೋಡೋದು?"

ಸರ್ವಮಂಗಳಮ್ಮ ಹೊಸಿಲಿನ ತನಕ ಬಂದಳು. ಎದುರಿನ ಹೊಸಿಲಲ್ಲಿ ಪಂಕಜಾಕ್ಷಿ ನಿಂತಿದ್ದಳು. ನಡುವೆ ಇದ್ದದ್ದು ಎಂಟು ಹೆಜ್ಜೆಯ ಬೀದಿ. ಸರ್ವಮಂಗಳಮ್ಮನಿಗೆ ಅಳು ಬಂತು. ಹೋಗಿಬಿಡಲೇ ಎಂದು ನಿಜವಾಗಿಯೂ ಅನ್ನಿಸಿತು. ಒಂದು ಕಾಲನ್ನು ಮೆಟ್ಟಿಲಿಗೆ ಇಟ್ಟೂ ಬಿಟ್ಟಳು. ಎದುರಿನವಳೂ ಒಂದು ಮೆಟ್ಟಿಲು ಇಳಿದಳು. ಇಬ್ಬರೂ ಅಲ್ಲೇ ನಿಂತರು. ಮೊದಲು ಬೀದಿ ದಾಟಿದವಳು ನೆಂಟಳು, ದಾಟದವಳು ಮನೆಯೊಡತಿ. ಇದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು.

ಅದೇ ಹೊತ್ತಿಗೆ ಸಿಡಿಯವನು ಬೀದಿಯಲ್ಲಿ ಬಂದ. ಎದುರುಮನೆಯ ಮೆಟ್ಟಿಲ ಹತ್ತಿರ ನಿಂತು ಪಂಕಜಾಕ್ಷಿಯ ಜೊತೆ ಏನೋ ಪಿಸುಗುಟ್ಟಿ, ಈ ಕಡೆಗೆ ದಾಟಿದ. ಕಜ್ಜಾಯ ತಿಂದು ಬಂದ ಶಂಭುಲಿಂಗಪ್ಪನನ್ನು ಬಿಟ್ಟರೆ ಆ ದಿನ ಆ ಬೀದಿಯನ್ನು ದಾಟಿದವನು ಅವನೊಬ್ಬನೇ. ಖಾಲಿ ಜಮಖಾನವನ್ನು ಕಂಡು ಅವನು ನಿಜವಾಗಿಯೂ ಮರುಗಿದ.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ಮುಂದಿನ ವರ್ಷ ಬೇರೆಯದೇ ಒಂದು ಬರುತ್ತೆ. ಹಾಕಿದರೆ ಸಾಕು, ಮನೆ ತುಂಬ ಜನ ಕೂತ ಹಾಗೆ ಸದ್ದು ಕೇಳುತ್ತೆ. ನಗುತ್ತಾರೆ, ಮೂಗು ಒರೆಸಿಕೊಳ್ತಾರೆ, ಕಜ್ಜಾಯ ಚೆನ್ನಾಗಿದೆ ಅಂತಾನೂ ಅಂತಾರೆ. ಯಾರನ್ನೂ ಕರೆಯೋ ಗೋಜೇ ಇಲ್ಲ. ಎಷ್ಟು ಜನ ಬೇಕೋ ಹೇಳಿದರೆ ಅಷ್ಟು ಜನದ್ದು ತಂದುಕೊಡ್ತೀನಿ."

ಸರ್ವಮಂಗಳಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಎದುರುಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಅವಳು ಎಷ್ಟು ಜನ ಹೇಳಿದಳು?"