ಗಡ್ಡೆಯಲ್ಲದ ಗಡ್ಡೆ

"ಇದು ಕ್ಯಾನ್ಸರ್ ಗಡ್ಡೆಯಲ್ಲಮ್ಮ, ಬಾವು," ಎಂದರು ಡಾಕ್ಟರು.

ಮಾತು ತಾಯಿಯ ತಲೆಗೆ ಕೂಡಲೇ ಹೋಗಲಿಲ್ಲ. ಡಾಕ್ಟರು ಚೀಟಿಯ ಹಿಂದೆ ಮೂತ್ರಕೋಶದ ಚಿತ್ರ ಗೀಚಿ ತೋರಿಸಿದರು. ಒಳಗೋಡೆ ಊದಿಕೊಂಡು ಒಂದು ಕಡೆ ಗುಡ್ಡೆಯಾಗಿತ್ತು. ಸ್ಕ್ಯಾನಿನಲ್ಲಿ ಅದೇ ಕೆಟ್ಟ ಗಡ್ಡೆಯ ಹಾಗೆ ಕಂಡಿತ್ತು. ಚೂರು ತೆಗೆದು ಪರೀಕ್ಷೆ ಮಾಡಿದರೆ ಬರೀ ಉರಿಯೂತ.

"ಮಕ್ಕಳಲ್ಲಿ ಅಪರೂಪಕ್ಕೆ ಹೀಗಾಗತ್ತೆ. ನಮ್ಮನ್ನೂ ಏಮಾರಿಸತ್ತೆ. ಔಷಧಿ ಕೊಟ್ಟು, ಇಳೀತಾ ಇದೆಯಾ ಅಂತ ಮತ್ತೆ ಸ್ಕ್ಯಾನ್ ಮಾಡಿ ನೋಡೋಣ."

"ಅಂದ್ರೆ ನನ್ನ ಮಗಳು..."

"ಸ್ಕೂಲಿಗೂ ಹೋಗ್ತಾಳೆ, ನಿಮ್ಮ ತಲೇನೂ ತಿಂತಾಳೆ."

ಮಗಳು ಹುಟ್ಟಿದಾಗಿನಿಂದ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಪಿಟೀಲು ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಅಂಥ ಪಿಟೀಲು ಈಚೆಗೆ ಬಚ್ಚಲಲ್ಲಿ ಹಲ್ಲು ಕಚ್ಚಿ ಕೂರುತ್ತಿದ್ದಳು. ಮೂತ್ರದಲ್ಲಿ ರಕ್ತ ಕಂಡ ದಿನದಿಂದ ತಾಯಿಯೂ ಹಲ್ಲು ಕಚ್ಚಿಕೊಂಡೇ ಇದ್ದಳು. ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಅವಳದು. ಅಲ್ಲಿ ಯಾರಾದರೂ ಕೇಳಿದರೆ "ಮಗೂಗೆ ಹೊಟ್ಟೆನೋವು" ಎಂದು ಮಾತು ಮುಗಿಸುತ್ತಿದ್ದಳು. ಗಂಡ ಬಿಟ್ಟುಹೋಗಿ ಬೇರೆ ಸಂಸಾರ ಹೂಡಿದ್ದ. ಅವನು ನಿನ್ನನ್ನು ಬಾಳಿಸುವವನಲ್ಲ ಎಂದು ಮದುವೆಗೆ ಮುಂಚೆಯೇ ಹೇಳಿದ್ದವಳು ಅಕ್ಕ. ಆ ಅಕ್ಕನಿಗೆ ನನ್ನ ಬಾಗಿಲು ತುಳಿಯಬೇಡ ಎಂದಿದ್ದವಳು ಇವಳೇ. ಅಕ್ಕನ ಮಾತು ನಿಜವಾದ ಮೇಲಂತೂ ಮುಖ ತೋರಿಸಲು ಮನಸ್ಸು ಬರಲಿಲ್ಲ.

ಭಯವನ್ನು ಹೇಗೋ ಒಬ್ಬಳೇ ನುಂಗಿಕೊಂಡಿದ್ದಳು. ಈಗಿನ ಸಂತೋಷ ಮಾತ್ರ ಗಂಟಲಲ್ಲಿ ಇಳಿಯಲೊಲ್ಲದು. ನಿದ್ದೆಹೋಗಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಳು. ನೆಲ ಒರೆಸುತ್ತಿದ್ದ ಹೆಂಗಸು ಹತ್ತಿರ ಬಂದಾಗ ತಡೆಯಲಾಗಲಿಲ್ಲ.

"ನನ್ನ ಮಗಳಿಗೆ ಅಂಥದ್ದೇನೂ ಇಲ್ವಂತೆ."

"ಒಳ್ಳೇದಾಯ್ತು ಬಿಡಿ," ಎಂದಳು ಆಕೆ. "ಸ್ವಲ್ಪ ಕಾಲೆತ್ತಿ."

ಅವಳು ಕಾಲೆತ್ತಿದಳು. ಬೆಂಚಿನ ಕೆಳಗೆ ಒರೆಸಿಕೊಂಡು ಆಕೆ ಮುಂದೆ ಹೋದಳು. ಒದ್ದೆ ನೆಲ ಆರುವ ತನಕ ಫೋನನ್ನು ಕೈಯಲ್ಲಿ ಹಿಡಿದೇ ಕೂತಿದ್ದವಳು ಕೊನೆಗೆ ಅಕ್ಕನ ನಂಬರ್ ಒತ್ತಿದಳು.

"ಅಕ್ಕಾ, ನಾನು."

ಆ ಕಡೆ ಪಾತ್ರೆಗಳ ಸದ್ದು ನಿಂತಿತು. "ಏನಾಯ್ತು? ಯಾರು ಹೋದ್ರು?"

"ಯಾರೂ ಹೋಗಿಲ್ಲ." ಆಮೇಲೆ ರಕ್ತ, ಸ್ಕ್ಯಾನು, ಬಾವು, ಎಲ್ಲವೂ ಹಿಂದುಮುಂದಾಗಿ ಬಾಯಿಂದ ಬಿತ್ತು.

"ಆಸ್ಪತ್ರೆಗೆಲ್ಲ ಒಬ್ಬಳೇ ಓಡಾಡಿದ್ಯಾ?"

ಅವಳು ಮಗಳನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ಜೀವ ಬಾಯಿಗೆ ಬಂದಾಗ ನಾನು ನೆನಪಾಗ್ಲಿಲ್ಲ." ಅಕ್ಕನ ದನಿ ಒಡೆದಿತ್ತು. "ಎಲ್ಲ ಸರಿಹೋದ ಮೇಲೆ ಯಾಕೆ ಫೋನ್ ಮಾಡಿದೆ?"

"ಹೇಳ್ಕೊಳ್ಳೋಕೆ ಇನ್ಯಾರೂ ಇಲ್ಲ ಅಕ್ಕ."

ಅಕ್ಕ ಫೋನನ್ನು ಇಡಲಿಲ್ಲ. ನಲ್ಲಿಯಿಂದ ನೀರು ಬೀಳುವುದು, ಯಾರೋ ಅದನ್ನು ನಿಲ್ಲಿಸಿದ್ದು, ಭಾವ ಒಳಗಿನಿಂದ ಏನೋ ಕೇಳಿದ್ದು, ಒಂದೊಂದೂ ಇವಳ ಕಿವಿಗೆ ಬಿತ್ತು.

"ಸ್ವಲ್ಪ ಇರಿ," ಅಕ್ಕ ಆ ಕಡೆ ತಿರುಗಿ ಹೇಳಿದಳು. "ತಂಗಿ ಹತ್ರ ಮಾತಾಡ್ತಿದ್ದೀನಿ."

ಇವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.