ಗಡಿಯ ಮೇಲಿನ ಒಲೆ

ಮಸ್ಕಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡರೆ ಊರವರು ಬೇನೆಯ ಅಮ್ಮನನ್ನು ಪುಟ್ಟ ಕಟ್ಟಿಗೆ ಬಂಡಿಯಲ್ಲಿ ಕೂಡಿಸಿ, ಬೇವು, ಹಸಿರು ಬಳೆ ಇಟ್ಟು, ಗಡಿಯಾಚೆ ಬಿಟ್ಟು ಬರುತ್ತಿದ್ದರು. ಪಕ್ಕದ ಸಿಂಧನೂರು ತಾಲೂಕಿನ ಹಳ್ಳಿಯವರೇನು ಕಡಿಮೆಯೇ? ಅವರೂ ತಮ್ಮ ಬಂಡಿಯನ್ನು ಈಚೆ ತಂದು ಬಿಡುತ್ತಿದ್ದರು. ಗಡಿಕಲ್ಲು ಕಾಣೆಯಾಗಿ ಎಷ್ಟೋ ಕಾಲವಾಗಿತ್ತು. ಹಾಗಾಗಿ ಎರಡೂ ಬಂಡಿ ಬಂದು ನಿಲ್ಲುತ್ತಿದ್ದುದು ನಡುವಿನ ಬಯಲಲ್ಲಿದ್ದ ಗ್ಯಾನಮ್ಮನ ಗುಡಿಸಲ ಮುಂದೆ. ಅದು ಆಚೆಯವರ ಜಾಗ ಅಂತ ಇವರು, ಈಚೆಯವರದು ಅಂತ ಅವರು. ಭಾರೀ ಶಾಣ್ಯಾ ಜನ.

ಗಂಡ ಸತ್ತ ಮೇಲೆ ಗ್ಯಾನಮ್ಮ ಆ ಬಂಡಿಗಳ ನಡುವೆಯೇ ಕುರಿ ಸಾಕಿ, ಮಗಳು ಪಂಪಮ್ಮನನ್ನು ಬೆಳೆಸಿ, ಲಿಂಗಸುಗೂರಿಗೆ ಮದುವೆ ಮಾಡಿಕೊಟ್ಟಿದ್ದಳು. ಈಗ ಪಂಪಮ್ಮನಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆಗೆ ಕರೆಯಲು ಹೋದರೆ ಬೀಗತಿ ಅಯ್ಯಮ್ಮ ಬಾಗಿಲಲ್ಲೇ ತಡೆದಳು.

"ಎರಡೂರಿನ ಬ್ಯಾನಿ ನಿಮ್ಮ ಬಾಗಿಲಾಗ ತಂದು ಬಿಡ್ತಾರ. ಅಂಥಲ್ಲಿಗೆ ಬಸುರಿನ್ನ ಹೆಂಗ ಕಳಸ್ಲಿ, ನೀವ ಹೇಳ್ರಿ."

ಅವಳದು ತಪ್ಪೆನ್ನುವಂತಿರಲಿಲ್ಲ. ಗ್ಯಾನಮ್ಮ ದಾರಿಯುದ್ದಕ್ಕೂ ಅತ್ತಳು.

ಆ ವಾರವೇ ನಿಜಾಮ ಸರ್ಕಾರದ ಮೋಜಣಿದಾರ ರಹಿಮಾನ್ ಸಾಹೇಬ ಎರಡು ತಾಲೂಕುಗಳ ಹಳೆಯ ಗಡಿಕಲ್ಲು ಹುಡುಕುತ್ತ ಬಂದ. ಸರಪಳಿ ಎಳೆಸಿ, ಜಾಲಿ ಕಡಿಸಿ, ಹುತ್ತ ಅಗೆಸಿದರೂ ಕಲ್ಲಿನ ಸುಳಿವಿಲ್ಲ. ಮಸ್ಕಿಯ ಗೌಡ ವಿರೂಪಾಕ್ಷಪ್ಪ, ಆಚೆ ಹಳ್ಳಿಯ ಗೌಡ ಹೊನ್ನೂರಪ್ಪ ಇಬ್ಬರೂ ಬಿಸಿಲಲ್ಲಿ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ನಿಂತಿದ್ದರು.

ಕಲ್ಲು ಎಲ್ಲಿದೆಯೆಂದು ಗ್ಯಾನಮ್ಮನಿಗೆ ಗೊತ್ತಿತ್ತು. ಗುಡಿಸಲು ಕಟ್ಟುವಾಗ ಅವಳ ಗಂಡ, ನೆಲದಿಂದ ತಲೆ ಎತ್ತಿದ್ದ ಕಲ್ಲಿಗೆ ಇನ್ನೆರಡು ಜೋಡಿಸಿ ಒಲೆ ಹೂಡಿದ್ದ. ಸಾರಿಸುವಾಗಲೆಲ್ಲ ಅದರಲ್ಲಿ ಕೊರೆದ ಸೂರ್ಯ, ಚಂದ್ರ ಅವಳ ಬೆರಳಿಗೆ ತಾಕುತ್ತಿದ್ದವು. ಹೇಳಿದರೆ ಗುಡಿಸಲು ಕಿತ್ತಾರೆಂದು ಬಾಯಿ ಬಿಟ್ಟಿರಲಿಲ್ಲ. ಮಗಳು ಬಾರದ ಗುಡಿಸಲು ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಈಗ ಅನಿಸಿತು. ಒಲೆಯ ಮಣ್ಣು ಕೆಡವಿ ಸಾಹೇಬನನ್ನು ಕರೆದಳು.

"ನಿಮ್ಮ ಕಲ್ಲು ಇಲ್ಲಿ ಐತಿ, ನೋಡ್ರಿ. ಇನ್ನ ನನ್ನ ಗುಡಿಸಲಾ ಕೀಳಸ್ತೀರೇನು?"

ರಹಿಮಾನ್ ಬಗ್ಗಿ ಮಸಿ ಒರೆಸಿ, ಆ ಸೂರ್ಯ ಚಂದ್ರರನ್ನು ಬಹಳ ಹೊತ್ತು ನೋಡಿದ. "ಗುಡಿಸಲಾ ಕೀಳಾಕ ನನಗ ಹುಕುಂ ಇಲ್ಲಮ್ಮ. ಕಲ್ಲು ಇಲ್ಲೇ ಇರತೈತಿ. ಅರ್ಧ ಮನಿ, ಅರ್ಧ ಅಂಗಳ ಮಸ್ಕಿದು, ಇನ್ನರ್ಧ ಅವರದು."

ಗೌಡರು ಮುಖ ಮುಖ ನೋಡಿಕೊಂಡರು. ಇನ್ನು ಅಲ್ಲಿ ಬಂಡಿ ಬಿಟ್ಟರೆ ಬೇನೆಯನ್ನು ತಮ್ಮ ಊರಲ್ಲೇ ಇಳಿಸಿಕೊಂಡಂತೆ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಾಗಿಲ ಮುಂದಿದ್ದ ಹಳೇ ಬಂಡಿಗಳನ್ನು ಅವರ ಆಳುಗಳೇ ಎತ್ತಿ ದೂರದ ಹಳ್ಳಕ್ಕೆ ಒಯ್ದರು. ಸುದ್ದಿ ಕೇಳಿದ ಅಯ್ಯಮ್ಮ ತಾನೇ ಸೊಸೆಯನ್ನು ಕರೆತಂದು ಬಿಟ್ಟಳು. ಗ್ಯಾನಮ್ಮ ಒಲೆಗೆ ಮತ್ತೆ ಮಣ್ಣು ಮೆತ್ತಿದಳು, ಸೂರ್ಯ ಚಂದ್ರ ಕಾಣುವಂತೆ ಬಿಟ್ಟು.

ಗಂಡು ಕೂಸು ಹುಟ್ಟಿತು. ಇಷ್ಟು ವರ್ಷ ಆ ಮನೆಯ ಸುಖದುಃಖ ಕೇಳದ ಗೌಡರಿಬ್ಬರೂ ಬೆಲ್ಲ ಹಿಡಿದು ಬಂದರು. ಕೂಸು ನಮ್ಮೂರಿನದು, ನಿಮ್ಮೂರಿನದಲ್ಲ ಎಂದು ಬಾಗಿಲಲ್ಲೇ ವಾದ ಹತ್ತಿತು.

"ಕಲ್ಲಿನ ಯಾ ಕಡಿ ಹುಟ್ಟೇತಿ, ಹೇಳಬೇ ಗ್ಯಾನವ್ವ," ಅಂದ ಹೊನ್ನೂರಪ್ಪ.

ಗ್ಯಾನಮ್ಮ ಬಿಸಿನೀರಿನ ಗಡಿಗೆ ಇಳಿಸುತ್ತಿದ್ದಳು.

"ಒಲಿ ಮಗ್ಗಲ ಹುಟ್ಟೇತ್ರಿ. ಬೆಚ್ಚಗ ಮಲಗೇತಿ. ಮೆಲ್ಲಕ ಮಾತಾಡ್ರಿ."